ಚಿನ್ನ ಹುಡುಕುವ ಮಾವನಿಗೆ ಚಿನ್ನ ಕಂಡರಾಗದು

ನಮ್ಮ ಸೋದರಮಾವನಷ್ಟು ಚಿನ್ನಕ್ಕೆ ಹೆದರುವವರು ರಾಯಚೂರಿನಲ್ಲೇ ಇಲ್ಲ! ಹೊಟ್ಟೆಪಾಡು ಮಾತ್ರ ಗಣಿ ಇಲಾಖೆಯಲ್ಲಿ ಚಿನ್ನ ಹುಡುಕುವುದೇ. ಹೊಲ, ಹಳ್ಳಗಳ ಮಣ್ಣು ಜರಡಿ ಹಿಡಿದು ಲ್ಯಾಬಿಗೆ ಕಳಿಸುವುದು. ಯಾವ ಮಣ್ಣಿನಲ್ಲಿ ಲೋಹದ ಸುಳಿವು ಹೆಚ್ಚೋ ಅದರಡಿ ಅದಿರು ಅಡಗಿದೆ ಎಂದು ಊಹಿಸುವುದು. ತಲೆ ನರೆಯುವ ತನಕ ಮಣ್ಣು ಹೊತ್ತರೂ ಒಂದು ಗಣಿಯೂ ಹುಟ್ಟಲಿಲ್ಲ. ನಿವೃತ್ತಿಯೊಳಗೆ ಒಂದನ್ನಾದರೂ ಕಂಡೇ ತೀರಬೇಕೆಂಬುದು ಅವರ ಹಟ.

ಮತ್ತೆ ಹೆದರಿಕೆ ಏಕೆ? ಉಂಗುರದಿಂದ ಸವೆದ ಒಂದು ಕಣ ಆ ಮಣ್ಣಿಗೆ ಬಿದ್ದರೂ ಲ್ಯಾಬಿನಲ್ಲಿ ಇಲ್ಲದ ಗಣಿ ಎದ್ದು ಕೂರುತ್ತದಂತೆ! ಹಾಗಾಗಿ ಮದುವೆಯ ಉಂಗುರ ಎಂದೋ ಬೀರು ಸೇರಿತು. ಮಣ್ಣಿನ ಚೀಲಗಳು ಮನೆಗೆ ಬಂದ ದಿನ ಅತ್ತೆಯೂ ಬಳೆ ಕಳಚಬೇಕು.

"ಮಂದಿ ಗಂಡಂದಿರು ಬಂಗಾರ ಹಾಕ್ತಾರ, ನಮ್ಮನಿಯವರು ಇದ್ದದ್ದೂ ಬಿಚ್ಚಸ್ತಾರ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ.

ಒಮ್ಮೆ ಮಾನ್ವಿ ಕಡೆ ಇವರ ಕಣ್ಣು ಒಂದು ಹುತ್ತದ ಮೇಲೆ ಬಿತ್ತು. ಗೆದ್ದಲು ಆಳದ ಮಣ್ಣನ್ನು ಪುಕ್ಕಟೆಯಾಗಿ ಮೇಲೆ ತಂದಿಡುತ್ತದಲ್ಲ! ಆದರೆ ಅಂದು ನಾಗರ ಪಂಚಮಿಯ ಮರುದಿನ.

"ಯಪ್ಪಾ, ನಾವು ಹಾಲು ಎರಿಯೋ ಜಾಗಕ್ಕ ಸಲಿಕಿ ಹಾಕಾಕತ್ತೀರಲ್ರಿ?" ಎಂದು ಒಬ್ಬ ಮುದುಕಿ ಅಡ್ಡ ನಿಂತಳು.

"ಸಲಿಕಿ ಇಲ್ಲಬೇ ಯವ್ವಾ, ಚಮಚದಾಗ ತಗೋತೀನಿ."

ಚಪ್ಪಲಿ ಬಿಟ್ಟು, ಕೈಮುಗಿದು, ಚಮಚದಲ್ಲೇ ತೆಗೆದರು. ಚೀಲದ ಮೇಲೆ ಪ್ರಾಮಾಣಿಕವಾಗಿ ಬರೆದರು: 'ಹಾಲು ಬೆರೆತಿದೆ.' ಲ್ಯಾಬಿನವರು ಏನೆಂದುಕೊಂಡರೋ!

ಕೊನೆಗೆ ದೇವದುರ್ಗದ ಕಡೆಯ ಒಂದು ಹಳ್ಳಿಯ ಫಲಿತಾಂಶ ಬಂತು. ಚಿನ್ನ ಅಷ್ಟಿಷ್ಟು, ಆರ್ಸೆನಿಕ್ ಎಂಬ ವಿಷ ಮಾತ್ರ ಭರ್ತಿ. ಆ ವಿಷ ಚಿನ್ನದ ಜೊತೆಗಾರ. ಅದಿದ್ದಲ್ಲಿ ಇದೂ ಅಡಗಿರಬಹುದು. ಮಾವನಿಗೆ ಒಳ್ಳೆಯ ಕಾಲ ಬಂತೆಂದು ನಾನು ಪೇಡೆ ತಂದೆ. ಅವರು ಪೇಡೆ ಮುಟ್ಟಲಿಲ್ಲ.

"ಅಲ್ಲಿ ಮಂದಿ ಯಾವ ನೀರು ಕುಡೀತಾರಲೇ?" ಎಂದರು.

ಗಣಿಯ ವರದಿ ಬರೆಯುವುದು ಬಿಟ್ಟು ಆ ಹಳ್ಳಿಯ ಬೋರಿನ ನೀರು ಪರೀಕ್ಷೆಗೆ ಒಯ್ದರು. ನೀರಿನಲ್ಲೂ ವಿಷವಿತ್ತು. ಬೋರು ಮುಚ್ಚಿಸಿ, ಬೇರೆ ನೀರಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದರಲ್ಲಿ ನಿವೃತ್ತಿ ಬಂದೇಬಿಟ್ಟಿತು. ಅಲ್ಲಿ ನೆಲ ಕೊರೆದು ನೋಡುವ ಕೆಲಸ ಬೇರೆಯವರ ಪಾಲಾಯಿತು.

ಮೊನ್ನೆ ಅವರ ಜೊತೆ ಆ ಹಳ್ಳಿಗೆ ಹೋಗಿದ್ದೆ. ಹೊಸ ನಲ್ಲಿಯ ಮುಂದೆ ಮಕ್ಕಳು ಬೊಗಸೆಯೊಡ್ಡಿ ಕುಡಿಯುತ್ತಿದ್ದರು. "ಇಲ್ಲಿ ಗಣಿ ಸಿಕ್ಕರೆ ಅದು ನಿಮ್ಮ ಹೆಸರಿಗೇ ಬರಬೇಕಿತ್ತು ಮಾಮಾ" ಎಂದೆ.

ಮಾವ ಮಕ್ಕಳ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಬಂಗಾರ ನೆಲದಾಗ ಕಾಯ್ತದಲೇ. ಕೂಸುಗಳ ನೀರಡಿಕಿ ಕಾಯ್ತದೇನು?"