ಜಪಾನಿ ಹೋಟೆಲಿನ ಭೂಮ

ರಬಕವಿಯ ಸೀರೆ ವ್ಯಾಪಾರಿ ಶಿದ್ರಾಮಪ್ಪನವರಿಗೆ ಈ ಲೋಕದ ಮೇಲೆ ಇದ್ದ ತಕರಾರು ಒಂದೇ: ಯಾರಿಗೂ ಫೋಟೋ ತೆಗೆಯಲು ಬರುವುದಿಲ್ಲ. ಒಬ್ಬ ಕಾಲು ಕತ್ತರಿಸುತ್ತಾನೆ, ಇನ್ನೊಬ್ಬ ಬೆರಳು ಅಡ್ಡ ಇಡುತ್ತಾನೆ, ಉಳಿದವರೆಲ್ಲ ತಲೆಯನ್ನೇ ಹಾರಿಸುತ್ತಾರೆ. "ಕಟುಕರು ಅದಾರ, ಕಟುಕರು! ರುಂಡ ಬಿಟ್ಟು ಮುಂಡದ ಫೋಟೋ ತಗೀತಾವ ಮಕ್ಕಳು" ಎಂದು ಬಯ್ಯುತ್ತ, ಮಗುವಿನ ಜವಳ ಇರಲಿ, ಬಸುರಿಯ ಕುಬುಸ ಇರಲಿ, ಫೋನು ಹಿಡಿದು ತಾವೇ ನಿಲ್ಲುತ್ತಿದ್ದರು. ದಿನಾ ಗಿರಾಕಿಗಳಿಗೆ ಸೀರೆಯ ಫೋಟೋ ಕಳಿಸಿ ಕಳಿಸಿ ಅವರ ಕೈ ಪಳಗಿತ್ತು. ಫೋಟೋಗಳು ಚೆನ್ನಾಗಿಯೇ ಬರುತ್ತಿದ್ದವು, ಸುಳ್ಳು ಹೇಳಬಾರದು. ಒಂದೇ ಊನವೆಂದರೆ ಅವುಗಳಲ್ಲಿ ಶಿದ್ರಾಮಪ್ಪನವರು ಇರುತ್ತಿರಲಿಲ್ಲ.

ಈ ಊನ ಮದುವೆಯ ದಿನದಿಂದಲೇ ಅಂಟಿಕೊಂಡು ಬಂದದ್ದು. ಮದುಮಕ್ಕಳು ಬೀಗರ ನಡುವೆ ಒಂದೇ ತಾಟಿನಲ್ಲಿ ಉಣ್ಣುವ ಭೂಮದ ಹೊತ್ತಿನಲ್ಲಿ, ಫೋಟೋದವನು ನಿಂತ ಜಾಗ ಸರಿಯಿಲ್ಲವೆಂದು ಮದುಮಗನಿಗೆ ಅನ್ನಿಸಿಬಿಟ್ಟಿತು. ಬಾಸಿಂಗ ಕಟ್ಟಿಕೊಂಡೇ ಎದ್ದು ಹೋಗಿ ಅವನಿಗೆ ಪಾಠ ಹೇಳತೊಡಗಿದರು. ಪಾಠ ತಾಳಲಾರದೆ ಅವನು ಗುಂಡಿ ಒತ್ತಿದ. ಆ ಫೋಟೋ ಇವತ್ತಿಗೂ ಆಲ್ಬಮ್ಮಿನಲ್ಲಿದೆ. ದೊಡ್ಡ ತಾಟು, ಸುತ್ತ ಬೀಗರು, ಹೋಳಿಗೆಯ ತುತ್ತು ಹಿಡಿದು ಕೈ ಚಾಚಿದ ಇಂದ್ರವ್ವ, ಪಕ್ಕದಲ್ಲಿ ಖಾಲಿ ಮಣೆ. ತುತ್ತು ಯಾರಿಗೆ ಹಿಡಿದದ್ದು ಎಂದು ಯಾರಾದರೂ ಕೇಳಿದರೆ ಇಂದ್ರವ್ವ "ಗಾಳಿಗೆ" ಎನ್ನುತ್ತಾರೆ.

ಮದುವೆಯಾಗಿ ಮೂವತ್ತು ವರ್ಷ ತುಂಬಿದಾಗ, ಜಮಖಂಡಿಗೆ ಕೊಟ್ಟ ಮಗಳು ಮಧುಮತಿ ಎಲ್ಲರನ್ನೂ ಊಟಕ್ಕೆ ಹೊರಡಿಸಿದಳು. ಅನಗವಾಡಿಯ ಹೊಳೆಯ ಹತ್ತಿರ ಹೊಸದಾಗಿ ಒಂದು ಜಪಾನಿ ಹೋಟೆಲು ಆಗಿತ್ತು. ಪುಣೆಯಲ್ಲಿ ಆ ಅಡುಗೆ ಕಲಿತು ಬಂದ ಬಸಗೊಂಡಪ್ಪ ಅದರ ಮಾಲೀಕ. ಬೋರ್ಡಿನ ಮೇಲೆ 'ಜಪಾನಿ ಊಟ' ಎಂದೂ ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ 'ಶುದ್ಧ ಶಾಕಾಹಾರಿ' ಎಂದೂ ಬರೆಸಿದ್ದ. (ಮೊದಲನೆಯದನ್ನು ನೋಡಿ ಓಡಿದವರು ಎರಡನೆಯದನ್ನು ನೋಡಿ ಮರಳಿ ಬರಲಿ ಎಂದು.)

ಹೊರಡುವ ಮುಂಚೆ ಇಂದ್ರವ್ವ ಒಂದು ಮಾತು ಹೇಳಿದರು.

"ನನಗ ಸೀರಿ ಬ್ಯಾಡ, ಬಂಗಾರ ಬ್ಯಾಡ. ಉಣ್ಣೂಮುಂದ ನಮ್ಮಿಬ್ಬರದು ಒಂದ ಫೋಟೋ ಆಗಲಿ."

"ಅಷ್ಟನ? ಫಸ್ಟ್ ಕ್ಲಾಸ್ ತಗೀತೀನಿ ಬಿಡು!"

"ನೀವು ತಗಿಯೂದಲ್ರಿ. ನನ್ನ ಬಾಜೂಕ ಕುಂದ್ರೂದು."

ಈ ಎರಡರ ನಡುವಿನ ಅಂತರ ಶಿದ್ರಾಮಪ್ಪನವರ ತಲೆಗೆ ಇಳಿಯಲಿಲ್ಲ. ಫೋನು ಚಾರ್ಜಿಗೆ ಹಾಕಲು ಹೋದರು.

ಗಂಡ ಹೆಂಡತಿ, ಮಗಳು, ಅಳಿಯ ವೀರೇಶ, ಇಂದ್ರವ್ವನ ತಮ್ಮ ಮಲ್ಲಿನಾಥ, ಹೀಗೆ ಒಂದು ಕ್ರೂಸರ್ ಗಾಡಿಯಲ್ಲಿ ದಂಡು ಇಳಿಯಿತು. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಕುಳಿತು ಗಿಡ್ಡ ಮೇಜಿನ ಮೇಲೆ ಉಣ್ಣಬೇಕಿತ್ತು. "ಅಯ್ಯ, ಇವ್ರೂ ನಮ್ಮಂಗ ನೆಲಕ್ಕ ಕುಂದರತಾರಲ್ಲ!" ಎಂದು ಇಂದ್ರವ್ವನ ಅರ್ಧ ಹೆದರಿಕೆ ಇಳಿಯಿತು. ಬಸಗೊಂಡಪ್ಪ ತಂದಿಟ್ಟ ದೊಡ್ಡ ಕಟ್ಟಿಗೆಯ ತಾಟು ನೋಡಿದ ಮೇಲೆ ಅದು ಮತ್ತೆ ಏರಿತು. ಕರಿ ಹಾಳೆಯಲ್ಲಿ ಸುತ್ತಿದ ಅನ್ನದ ತುಂಡುಗಳು ಅದರ ತುಂಬ ಸಾಲು ಹಿಡಿದಿದ್ದವು.

"ಈ ಕರೀದು ಏನೋ ತಮ್ಮಾ?"

"ಸಮುದ್ರದಾಗಿನ ಪಾಚಿರಿ ಅಕ್ಕಾರ. ಒಳಗ ಸೌತಿಕಾಯಿ, ಗಜ್ಜರಿ."

"ಇದರ ಮ್ಯಾಲೆ ಮೀನ ಅಡ್ಡಾಡಿರಂಗಿಲ್ಲ, ಹೌದಲ್ಲ?"

"ಅಡ್ಡಾಡಿದ್ರೂ ನಾ ತೊಳದೀನ್ರಿ," ಎಂದ ಬಸಗೊಂಡಪ್ಪ, ಗಂಭೀರವಾಗಿ.

ಇಂದ್ರವ್ವ ನಕ್ಕರು. "ಎಲ್ಲಾರಿಗೂ ಒಂದ ತಾಟು. ಭೂಮದಂಗ ಆತು," ಎನ್ನುತ್ತ ಪಕ್ಕದ ಚಾಪೆಯನ್ನು ಅಂಗೈಯಿಂದ ಸವರಿದರು. "ಬರ್ರಿ, ಕುಂದರ್ರಿ."

"ಬಂದೆ, ಬಂದೆ. ಯಾರೂ ತಾಟಿಗೆ ಕೈ ಹಚ್ಚಬ್ಯಾಡ್ರಿ!" ಶಿದ್ರಾಮಪ್ಪನವರು ಅಷ್ಟರಲ್ಲಿ ಎದುರಿನ ಮೂಲೆ ಸೇರಿಬಿಟ್ಟಿದ್ದರು.

ಅಲ್ಲಿಂದ ಛಾಯಾಗ್ರಹಣ ಮಹಾಯಜ್ಞ ಆರಂಭವಾಯಿತು. ವೀರೇಶನನ್ನು ಎಡಕ್ಕೆ ಸರಿಸಿದರು, ಮಲ್ಲಿನಾಥನ ಹೊಟ್ಟೆಯನ್ನು ಮೇಜಿನ ಹಿಂದೆ ಅಡಗಿಸಿದರು. ಹೆಂಡತಿಯ ಸೆರಗಿನ ಜರಿ ಕಾಣುತ್ತಿಲ್ಲವೆಂದು ಬಂದು ಎಳೆದು ಹರವಿದರು.

"ನಾವೇನ ಅಂಗಡ್ಯಾಗಿನ ಸೀರಿ ಏನ್ರಿ, ಮಡಿಕಿ ಬಿಚ್ಚಿ ತೋರಸಾಕ?" ಎಂದರು ಇಂದ್ರವ್ವ.

"ಅಪ್ಪಾ, ಸಾರು ಆರಾಕತ್ತೈತಿ," ಎಂದಳು ಮಗಳು.

"ಆರಲಿ ತಗೋ. ಹೊಗಿ ಬಂದ್ರ ಫೋಟೋ ಮಬ್ಬಾಗತೈತಿ."

"ಮಾಮಾ," ಮಲ್ಲಿನಾಥ ಕೈ ಮುಗಿದ, "ಮಠದ ಪ್ರಸಾದಕ್ಕೂ ನಾ ಇಷ್ಟ ಹೊತ್ತ ಕಾದಿಲ್ಲ."

ಬಸಗೊಂಡಪ್ಪ ಕೈ ಒರೆಸಿಕೊಳ್ಳುತ್ತ ಬಂದ. "ಕೊಡ್ರಿ ಸಾವಕಾರ್ರ, ನಾ ತಗೀತೀನಿ. ನೀವೂ ಅಕ್ಕಾರ ಬಾಜೂಕ ಕುಂದರ್ರಿ." ಶಿದ್ರಾಮಪ್ಪನವರು ಫೋನನ್ನು ಎದೆಗವಚಿಕೊಂಡರು. "ನೀ ಅನ್ನ ಸುತ್ತಪಾ. ನನ್ನ ಮಂದಿ ರುಂಡ ಹಾರಸಬ್ಯಾಡ."

ಇಂದ್ರವ್ವ ಮಾತು ನಿಲ್ಲಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ಶಿದ್ರಾಮಪ್ಪನವರು ಅವರ ಬಯ್ಗುಳಕ್ಕೆ ಎಂದೂ ಹೆದರಿದವರಲ್ಲ. ಮಾತು ನಿಂತರೆ ಮಾತ್ರ ಅವರ ಬಾಯಿ ಒಣಗುತ್ತಿತ್ತು.

"ಮಾವಾರ, ಟೈಮರ್ ಹಚ್ಚಿ ಬರ್ರಲ್ಲ," ಎಂದು ವೀರೇಶ ದಾರಿ ತೋರಿಸಿದ. ಸರಿ, ಎದುರಿನ ಮೇಜಿನ ಮೇಲೆ ಕರಿ ಸಾಸಿನ ಬಾಟಲಿಗೆ ಫೋನು ಆನಿಸಿ, ಗುಂಡಿ ಒತ್ತಿ ಓಡಿದರು. ಆದರೆ ನೆಲಕ್ಕೆ ಕೂರುವುದೆಂದರೆ ಅವರ ಮೊಣಕಾಲಿನ ಅಪ್ಪಣೆ ಬೇಕು. ಇಂದ್ರವ್ವ ಉಣ್ಣಲು ಕೊಟ್ಟಿದ್ದ ಜೋಡಿ ಕಡ್ಡಿ ಬದಿಗಿಟ್ಟು, ಗಂಡನಿಗೆಂದು ಕೈಯಿಂದಲೇ ಒಂದು ತುಂಡು ಎತ್ತಿ ಹಿಡಿದಿದ್ದರು. ಹೆಂಡತಿಯ ಹೆಗಲು ಹಿಡಿದು ಅವರು ಅರ್ಧ ಬಗ್ಗುವಷ್ಟರಲ್ಲಿ ಬಾಟಲಿ ಜಾರಿತು, ಫೋನು ಕಟಕ್ ಎಂದಿತು.

ಹೋಗಿ ನೋಡಿದರೆ ಘೋರ! ಅರ್ಧ ಫೋಟೋದ ತುಂಬ ಅವರ ಬೆನ್ನು, ಅದಕ್ಕಿಂತ ಕೆಳಗಿನ ಭಾಗ. ತಲೆಯ ಸುಳಿವೇ ಇಲ್ಲ. "ಛೀ, ಛೀ" ಎಂದರು.

"ಸಾಕ್ ಬಿಡ್ರಿ, ಉಣ್ಣೂನು," ಎಂದು ಇಂದ್ರವ್ವ ಎತ್ತಿ ಹಿಡಿದ ತುಂಡನ್ನು ಮರಳಿ ತಾಟಿನಲ್ಲಿಟ್ಟರು.

"ತಡಿ, ನಾನ ಒಂದ ತಗದ ಬಿಡ್ತೀನಿ!" ಮೂಲೆಗೆ ಹೋಗಿ ನಿಂತು, ಉಸಿರು ಹಿಡಿದು ತೆಗೆದರು. ತಾಟು, ಜರಿ, ಎಲ್ಲರ ರುಂಡ, ಎಲ್ಲ ಅದರದರ ಜಾಗದಲ್ಲಿ ಬಂತು. ಆಮೇಲೆ ಉಂಡರು. ಸಾರು ಹೊಳೆಯ ನೀರಿನಂತೆ ತಣ್ಣಗಿತ್ತು.

ಮರುದಿನ ಅಂಗಡಿಯಲ್ಲಿ ಆ ಫೋಟೋವನ್ನು ಹೆಮ್ಮೆಯಿಂದ ದೊಡ್ಡದು ಮಾಡಿ ನೋಡುತ್ತಿದ್ದರು. ಒಂದೊಂದೇ ಮುಖ ಸರಿಸುತ್ತ ಹೆಂಡತಿಯ ಮುಖಕ್ಕೆ ಬಂದರು. ಅಲ್ಲಿಂದ ಬೆರಳು ಒಂದಿಷ್ಟು ಸರಿಯಿತು. ಖಾಲಿ ಚಾಪೆ. ಅದೇ ತಾಟು, ಅದೇ ಹೆಣ್ಣುಮಗಳು, ಅದೇ ಖಾಲಿ ಜಾಗ. ಕೂದಲು ಬೆಳ್ಳಗಾದದ್ದೊಂದೇ ಹೊಸದು. ಅವಳು ಬೇಡಿದ್ದು ಒಂದೇ, ಅದೂ ಪುಕ್ಕಟೆಯದು, ಅದನ್ನೂ ಕೊಡಲಾಗಲಿಲ್ಲವಲ್ಲ ಎಂದು ತಮ್ಮ ಮೇಲೆಯೇ ಅವರಿಗೆ ಸಿಟ್ಟು ಬಂತು. ಗಿರಾಕಿಗೆ ಒಂದು ಸೀರೆಯ ಬದಲು ಇನ್ನೊಂದು ತೋರಿಸಿದರು.

ವಾರದೊಳಗೆ ಮನೆಯ ಪಡಸಾಲೆಯಲ್ಲಿ ಕಟ್ಟು ಹಾಕಿಸಿದ ಹೊಸ ಫೋಟೋ ನೇತಾಡಿತು. ಮಗಳ ಕೈಯಿಂದ ಇಂದ್ರವ್ವ ಗುಟ್ಟಾಗಿ ಮಾಡಿಸಿದ್ದು. ಕಂಡದ್ದೇ ಶಿದ್ರಾಮಪ್ಪನವರು ಗೋಡೆ ಹಿಡಿದರು. ಅದೇ ಬೆನ್ನು! ಮುಂಡ ಮಾತ್ರ! ಬಗ್ಗಿದ ಆ ದೇಹದ ಕೈ ಇಂದ್ರವ್ವನ ಹೆಗಲ ಮೇಲಿದೆ, ಇಂದ್ರವ್ವ ಮೇಲೆ ನೋಡಿ ಬಾಯ್ತುಂಬ ನಗುತ್ತ ತುತ್ತು ಹಿಡಿದಿದ್ದಾರೆ.

"ಏ, ಮಂದಿ ನೋಡ್ತಾರ, ತಗಿ ಇದನ್ನ! ಆ ಛಲೋ ಫೋಟೋ ಹಾಕು. ಇದರಾಗ ನನ್ನ ಮಾರೀನ ಇಲ್ಲ!"

"ಮಾರಿ ದಿನಾ ನೋಡ್ತೀನ್ರಿ," ಎಂದರು ಇಂದ್ರವ್ವ, ಗಾಜು ಒರೆಸುತ್ತ. "ನೀವು ನನ್ನ ಬಾಜೂಕ ಕುಂದ್ರಾಕ ಬಂದದ್ದು ಇದೊಂದರಾಗನ ಐತಿ."

ಶಿದ್ರಾಮಪ್ಪನವರು ಮೊಳೆ ಸೊಟ್ಟಗಿದೆ ಎಂದು ಸುಮ್ಮನೆ ಅದನ್ನೇ ಸರಿ ಮಾಡಿದರು.

ಅಂದಿನಿಂದ ಮನೆಗೆ ಬಂದವರೆಲ್ಲ ಚಹಾದ ಬಟ್ಟಲು ಹಿಡಿದು ಅದರ ಮುಂದೆ ನಿಲ್ಲುತ್ತಾರೆ. ಮೊನ್ನೆ ಬೀಳಗಿಯಿಂದ ಬಂದ ಹಳೆಯ ಗಿರಾಕಿ ಗಿರಮಲ್ಲಪ್ಪನಂತೂ ಬಹಳ ಹೊತ್ತು ನೋಡಿ, ಮರುಗಿ, ತಲೆ ಅಲ್ಲಾಡಿಸಿದ.

"ಅಕ್ಕಾರ ಎಷ್ಟ ಛಂದ ನಕ್ಕಾರ. ಬಾಜೂಕಿನವ್ರ ರುಂಡನ ಹಾರಿಸಿಬಿಟ್ಟಾನಲ್ರಿ! ಯಾವ ಕಟುಕ ತಗದಾನ್ರಿ ಸಾವಕಾರ್ರ ಇದನ್ನ?"

ಇಂದ್ರವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಶಿದ್ರಾಮಪ್ಪನವರು ಒಮ್ಮೆ ಹೆಂಡತಿಯನ್ನು, ಒಮ್ಮೆ ಗೋಡೆಯನ್ನು ನೋಡಿದರು.

"ನಾನ," ಎಂದರು.