ಊಟದ ಮೇಜಿನ ಮೇಲಿನ ಗೇರ್‌ಬಾಕ್ಸ್

ನನ್ನ ಗಂಡ ಸತ್ತಾಗ ಸಮಾಧಾನ ಹೇಳಲು ಬಂದವರೆಲ್ಲ ನನ್ನ ಮುಖಕ್ಕಿಂತ ಮೊದಲು ಊಟದ ಮೇಜು ನೋಡಿದರು. ತಪ್ಪು ಅವರದಲ್ಲ. ಮೇಜಿನ ಮೇಲೆ ಗೇರ್‌ಬಾಕ್ಸ್ ಕೂತಿದ್ದರೆ ಯಾರಾದರೂ ನೋಡುತ್ತಾರೆ.

ನಮ್ಮವರು ವೇಗದ ಕಾರುಗಳ ಗೇರ್‌ಬಾಕ್ಸು, ಕ್ಲಚ್ಚು ಮಾತ್ರ ಮುಟ್ಟುವ ಮೆಕ್ಯಾನಿಕ್. ಬೇರೆ ಕೆಲಸ ಬಂದರೆ "ಅದಕ್ಕೆ ಬೇರೆಯವರಿದ್ದಾರೆ" ಎನ್ನುವರು. (ಮನೆಯ ನಲ್ಲಿ ಸೋರಿದರೂ ಇದೇ ಉತ್ತರ.) ಮನೆ ಹಿಂದಿನ ಶೆಡ್ಡಿನಲ್ಲಿ ಧೂಳು, ಗೇರ್‌ಬಾಕ್ಸಿನ ಒಳಗೆ ಒಂದು ಕಣ ಹೋಗಬಾರದು ಎಂದು ಅದನ್ನು ಬಿಚ್ಚುವುದು ಊಟದ ಮೇಜಿನ ಮೇಲೆ. ಇಪ್ಪತ್ತೆಂಟು ವರ್ಷ ಹಲ್ಲುಚಕ್ರಗಳ ನಡುವೆ ಜಾಗ ಮಾಡಿಕೊಂಡು ಉಂಡಿದ್ದೇನೆ. ಒಂದು ದಿನವೂ ಬಯ್ಯದೆ ಉಂಡಿಲ್ಲ.

ಈ ಗೇರ್‌ಬಾಕ್ಸ್ ಹಲ್ಲಿನ ಡಾಕ್ಟರಮ್ಮನದು. ವಾರವೆಲ್ಲ ಜನರ ಬಾಯಿಗೆ ಕೈ ಹಾಕಿ "ಏನೂ ಆಗಲ್ಲ" ಎನ್ನುವ ಆಕೆ, ರಜೆಯ ದಿನ ನೆಲಕ್ಕಂಟಿದಂತಿರುವ ಕೆಂಪು ಕಾರಿನಲ್ಲಿ ರೇಸಿಗೆ ಹೋಗುತ್ತಾರೆ. ಆ ಕಾರು ಎರಡನೇ ಗೇರಿಗೆ ಹೋಗುವಾಗ ಕರಕರ ಎನ್ನುತ್ತಿತ್ತು. ಒಳಗಿನ ಹಿತ್ತಾಳೆ ಉಂಗುರ ಸವೆದಿದೆ ಎಂದು ನಮ್ಮವರು ಒಂಬತ್ತು ದಿನ ಅದರ ಮುಂದೆ ಕೂತರು. ಹತ್ತನೇ ದಿನ ಹೊಸ ಉಂಗುರ ಕೂರಿಸಿ, ಮುಚ್ಚಿ ಬೋಲ್ಟು ಬಿಗಿದರು. "ನಾಳೆ ಕಾರಿಗೆ ಹಾಕ್ತೀನಿ" ಎಂದು ಕೈ ತೊಳೆಯಲು ಹೋದವರು ಅಲ್ಲೇ ಕುಸಿದರು. ನಾಳೆ ಬಂತು. ಅವರು ಬರಲಿಲ್ಲ.

ಮೂರು ತಿಂಗಳು ಅದು ಮೇಜಿನ ಮೇಲೆಯೇ ಇತ್ತು. ಪಕ್ಕದಲ್ಲಿ ಊಟದ ತಟ್ಟೆಯಷ್ಟಗಲದ ಕ್ಲಚ್ ಪ್ಲೇಟು. ಬೆಳಿಗ್ಗೆ ಅವರಿಗೆ ಕಾಫಿ ಮಾಡಿಕೊಡುತ್ತಿದ್ದ ಹೊತ್ತಿಗೆ ನನ್ನ ಕೈಗೆ ಕೆಲಸವಿಲ್ಲ. ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಾಕಿ ಎಲ್ಲವನ್ನೂ ಒರೆಸುತ್ತಿದ್ದೆ. ಕಬ್ಬಿಣಕ್ಕೆ ಎಣ್ಣೆ ಒಳ್ಳೆಯದು ಎಂದು ಅವರೇ ಹೇಳುತ್ತಿದ್ದರು. ಗೇರ್‌ಬಾಕ್ಸಿಗೆ ಒಂದು ಸುತ್ತು, ಪ್ಲೇಟಿಗೆ ಎರಡು ಸುತ್ತು. ಪ್ಲೇಟು ಎಷ್ಟು ಹಾಕಿದರೂ ಕುಡಿಯುತ್ತಿತ್ತು. ಪಾಪ, ಒಣಗಿದೆ ಎಂದುಕೊಂಡು ಇನ್ನೂ ನಾಲ್ಕು ಹನಿ ಹಾಕುತ್ತಿದ್ದೆ.

ಒಂದು ದಿನ ಮೈದುನ ಬಂದ. ಅಣ್ಣನ ಕೈಕೆಳಗೆ ಕೆಲಸ ಕಲಿತವನು. ಈಗ ಶೆಡ್ಡು ಅವನದೇ. ಬಂದವನು ನಿಂತೇ ಮಾತಾಡಿದ.

"ಅತ್ತಿಗೆ, ಡಾಕ್ಟ್ರಮ್ಮಂಗೆ ಭಾನುವಾರ ರೇಸು. ಇದೇ ಥರದ್ದು ಗುದ್ದಿಸ್ಕೊಂಡ ಕಾರೊಂದು ಸಿಕ್ಕಿದೆ. ಅದರ ಗೇರ್‌ಬಾಕ್ಸ್ ಎತ್ತಿ ಅವರ ಕಾರಿಗೆ ಹಾಕ್ಬಿಡ್ತೀನಿ."

"ಇದು ಇರುವಾಗ ಅದ್ಯಾಕೆ?"

"ಇದು ಮೂರು ತಿಂಗಳಿಂದ ಸುಮ್ನೆ ಕೂತಿದೆ. ಹಾಕೋದಾದ್ರೆ ಒಂದ್ಸಲ ಬಿಚ್ಚಿ ನೋಡ್ಬೇಕು."

"ನಿಮ್ಮಣ್ಣ ಮುಚ್ಚಿದ್ದನ್ನ ನೀನು ಬಿಚ್ಚೋದಾ?"

"ನಾನು ಬಿಚ್ಚದೆ ಇನ್ಯಾರು ಬಿಚ್ಚಬೇಕು, ಡಾಕ್ಟ್ರಮ್ಮನಾ? ಅವರು ಕೀಳೋದು ಹಲ್ಲು."

ನಾನು ಮೇಜಿಗೆ ಅಡ್ಡ ನಿಂತೆ. ಬಿಚ್ಚಿದರೆ ಅದು ಮೈದುನನ ಕೆಲಸವಾಗುತ್ತದೆ. ಬಿಚ್ಚದೆ ಹೋದರೆ ನಮ್ಮವರದು. ಇಷ್ಟನ್ನು ಬಿಡಿಸಿ ಹೇಳಲು ನನಗೆ ಬರಲಿಲ್ಲ. "ಮುಟ್ಟಿದರೆ ನೋಡು" ಎಂದೆ.

ಜಗಳ ಡಾಕ್ಟರಮ್ಮನ ಹತ್ತಿರ ಹೋಯಿತು. ಅವರು ಫೋನಿನಲ್ಲೇ ತೀರ್ಪು ಕೊಟ್ಟರು. "ಯಜಮಾನರದ್ದನ್ನೇ ಹಾಗೇ ಹಾಕಿ. ಓಡಿದರೆ ಅದೇ ಇರಲಿ. ಓಡಲಿಲ್ಲ ಅಂದರೆ ತೆಗೆದು ಇನ್ನೊಂದು. ಸರೀನಾಮ್ಮ?"

ಸರಿ ಎಂದೆ. ಓಡುತ್ತದೆ ಎಂದು ನನಗೆ ಗೊತ್ತಿತ್ತು. ಗೇರಿನ ವಿದ್ಯೆಯಲ್ಲಿ ನಾನು ಅರ್ಧ ಪಂಡಿತೆ, ಇಪ್ಪತ್ತೆಂಟು ವರ್ಷ ಊಟದ ಜೊತೆ ಕೇಳಿದ್ದೇನೆ. ಅವರ ಕೊನೆಯ ಕೆಲಸ ಲಕ್ಷಣವಾಗಿ ಹೋಗಲಿ ಎಂದು ಎಲ್ಲವನ್ನೂ ಒಣಬಟ್ಟೆಯಲ್ಲಿ ತಿಕ್ಕಿ, ಹೊಸದರಂತೆ ಮಾಡಿ, ಪ್ಲೇಟನ್ನು ನಾನೇ ಮೈದುನನ ಕೈಗೆ ಕೊಟ್ಟೆ. ಅವನು ಸಿಟ್ಟಿನಲ್ಲಿದ್ದ. ಮುಖ ಅತ್ತ ಮಾಡಿ ಇಸಿದುಕೊಂಡ.

ಶುಕ್ರವಾರ ಕಾರು ಶೆಡ್ಡಿನಿಂದ ಹೊರಬಂತು. ಡಾಕ್ಟರಮ್ಮ ಕೂತು, ಬೀದಿ ತುದಿಯವರೆಗೆ ಹೋಗಿ, ತಿರುಗಿಸಿದರು. ನಾನು ಮೈದುನನ ಕಡೆ ನೋಡಿದೆ, ಹೇಗೆ ಎನ್ನುವಂತೆ. ಎರಡನೇ ಸುತ್ತಿಗೆ ಕಾರಿಗೆ ಬಿಸಿ ಏರಿತು. ಎಂಜಿನ್ ಊರು ಕಿತ್ತುಹೋಗುವಂತೆ ಅರಚಿತು. ಕಾರು ಮಾತ್ರ ಮದುವಣಗಿತ್ತಿಯ ಹಾಗೆ ಹೆಜ್ಜೆ ಹೆಜ್ಜೆಯಾಗಿ ಬಂತು. ಕೊನೆಗೆ ನಮ್ಮ ಗೇಟಿನ ಮುಂದೆ, ಅರಚಿಕೊಂಡೇ ನಿಂತಿತು. ಸುಟ್ಟ ವಾಸನೆ.

ನಾನು ಸುಮ್ಮನಿರಲಿಲ್ಲ. "ಏನು ಮಾಡಿದೆಯೋ? ಸಿಟ್ಟಲ್ಲಿ ಹಾಕಿದೆ, ಅದಕ್ಕೇ ಹೀಗೆ. ನಿಮ್ಮಣ್ಣ ಇದ್ದಿದ್ದರೆ ಇದು ಗಾಳಿ ಥರ ಹೋಗ್ತಿತ್ತು. ನಿನಗೆ ಬೇಕಿದ್ದದ್ದೇ ಇದು." ಹೀಗೆ ಕಾಲುಗಂಟೆ. ಬೀದಿಯವರು ಕಿಟಕಿ ತೆರೆದು ಕೇಳಿದರು. ಮೈದುನ ಕಾರನ್ನು ಶೆಡ್ಡಿಗೆ ತಳ್ಳಿದ.

ಸಂಜೆಯ ಹೊತ್ತಿಗೆ ಗೇರ್‌ಬಾಕ್ಸ್ ಕೆಳಗಿಳಿಸಿ ನನ್ನನ್ನು ಕರೆದ. ಅವನ ಕೈಯಲ್ಲಿ ಪ್ಲೇಟಿತ್ತು. ಬಿಸಿಗೆ ಅದು ಎಣ್ಣೆ ಬೆವರಿತ್ತು. ಅವನು ಮೂಸಿ ನೋಡಿದ.

"ಅತ್ತಿಗೆ, ಇದು ಹೊಲಿಗೆ ಮೆಷಿನ್ ವಾಸನೆ."

ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ಗೇರಿಗೆ ಎಣ್ಣೆ ಬೇಕು. ಕ್ಲಚ್ ಪ್ಲೇಟಿಗೆ ತಾಕಬಾರದು. ಇದು ಒಣಗಿದ್ರೇನೇ ಎಂಜಿನ್ನನ್ನ ಹಿಡಿಯೋದು, ಇಲ್ಲಾಂದ್ರೆ ಜಾರುತ್ತೆ. ಅಣ್ಣ ನಿಮಗೆ ಹೇಳಿರಲಿಲ್ವಾ?"

ಹೇಳಿದ್ದಿರಬಹುದು. ಅರ್ಧ ಪಂಡಿತೆಗೆ ಕೇಳಿದ್ದು ಅರ್ಧವೇ.

"ಎಷ್ಟು ದಿನದಿಂದ ಹಾಕ್ತಿದ್ರಿ?"

"ದಿನಾ."

"ಮೂರು ತಿಂಗಳಾ?"

"ಕೈಗೆ ಕೆಲಸ ಬೇಕಿತ್ತು ಕಣೋ."

ಅವನು ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ಡಾಕ್ಟರಮ್ಮನಿಗೆ ಫೋನು ಮಾಡಿ "ಪ್ಲೇಟು ಹಳೇದಾಗಿತ್ತು" ಎಂದ. ನಾನು ಫೋನು ಕಸಿದುಕೊಂಡು "ಹಳೇದಲ್ಲ ಡಾಕ್ಟ್ರೇ, ನಾನು ಎಣ್ಣೆ ಕುಡಿಸಿದ್ದು" ಎಂದೆ. ಡಾಕ್ಟರಮ್ಮ, "ನಮ್ಮಲ್ಲೂ ಅಷ್ಟೇ ಅಮ್ಮ. ಹಲ್ಲು ಒದ್ದೆ ಇದ್ದರೆ ಸಿಮೆಂಟು ನಿಲ್ಲಲ್ಲ. ನೀವು ಬಾಯಿ ಮುಚ್ಚದೆ ಹೇಳಿದ್ದು ಒಳ್ಳೇದಾಯ್ತು" ಎಂದರು. ಅದು ಅವರ ಕಸುಬಿನ ಹೊಗಳಿಕೆ ಇರಬೇಕು.

ಗುದ್ದಿಸಿಕೊಂಡ ಕಾರಿನ ಕ್ಲಚ್ ಪ್ಲೇಟು ಬಂತು. ಗೇರ್‌ಬಾಕ್ಸ್ ರಾತ್ರಿಯೆಲ್ಲ ಶೆಡ್ಡಿನ ನೆಲದ ಮೇಲೆ, ಮೈದುನನ ಕೈಗೆಟಕುವಂತೆ ಇತ್ತು. ಬಿಚ್ಚಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ತಡೆಯುವ ಮುಖ ನನಗೂ ಉಳಿದಿರಲಿಲ್ಲ. ಶನಿವಾರ ಬೆಳಿಗ್ಗೆ ಹೋಗಿ ನೋಡಿದೆ. ಬೋಲ್ಟುಗಳ ಮೇಲೆ, ಬಿಗಿದ ಗುರುತಿಗೆಂದು ನಮ್ಮವರು ಹಾಕಿದ್ದ ಬಿಳಿ ಗೆರೆ ಒಂದೂ ಅಲುಗಿರಲಿಲ್ಲ. ಅವನು ಅದನ್ನು ಹಾಗೆಯೇ ಎತ್ತಿ ಕಾರಿಗೆ ಕೂರಿಸಿದ.

ಮಧ್ಯಾಹ್ನ ಡಾಕ್ಟರಮ್ಮ ಬಂದು ನನ್ನನ್ನೂ ಕೂರಿಸಿಕೊಂಡರು. ಅಂಥ ಕಾರಿನಲ್ಲಿ ನಾನು ಕೂತದ್ದು ಅದೇ ಮೊದಲು. ಕೂರುವುದಲ್ಲ, ಬಾವಿಗೆ ಇಳಿದ ಹಾಗೆ. ಪಟ್ಟಿಗಳಲ್ಲಿ ನನ್ನನ್ನು ಮೂಟೆಯಂತೆ ಕಟ್ಟಿದರು.

"ಡಾಕ್ಟ್ರೇ, ಎರಡನೇ ಗೇರು ನನಗೆ ಕೇಳಿಸ್ಬೇಕು. ಅದು ಅವರ ಕೆಲಸ."

"ಕೇಳಿಸ್ಕೊಳ್ಳಿ ಅಮ್ಮ."

ಕಣ್ಣು ಮುಚ್ಚಿದೆ. ಕಾರು ಹೊರಟಿತು. ಬೆನ್ನು ಸೀಟಿಗೆ ಅಂಟಿತು. ಒಂದು ಕುಲುಕು, ಒಂದು ಸದ್ದು, ಏನಾದರೊಂದು ಬರುತ್ತದೆ ಎಂದು ಉಸಿರು ಹಿಡಿದು ಕಾದೆ. ಬರಲಿಲ್ಲ. ಇನ್ನೂ ಕಾದೆ.

"ಇನ್ನೂ ಎಷ್ಟು ಹೊತ್ತು ಒಂದರಲ್ಲೇ ಓಡಿಸ್ತೀರಿ?"

"ನಾವು ನಾಲ್ಕರಲ್ಲಿದ್ದೀವಮ್ಮ."

"ಎರಡು ಯಾವಾಗ ಹೋಯ್ತು?"

"ಆಗಲೇ, ಮೂಲೆ ಅಂಗಡಿ ಹತ್ತಿರ."

ನಿಲ್ಲಿಸಿ, ಮೊದಲಿಂದ ಹೊರಡಿ ಎಂದೆ. ಪುಣ್ಯಾತ್ಗಿತ್ತಿ ನಿಲ್ಲಿಸಿದರು. ಈ ಸಲ ಕಣ್ಣು ಬಿಟ್ಟುಕೊಂಡು ಅವರ ಕೈಯನ್ನೇ ನೋಡುತ್ತಾ ಕೂತೆ. ಕೈ ಅಲುಗಿದ್ದು ಕಂಡಿತು. ಕಿವಿಗೆ ಏನೂ ಬರಲಿಲ್ಲ. ಇನ್ನೊಂದು ಸಲ ಎಂದೆ. ಮೂರನೇ ಸಲವೂ ಅಷ್ಟೇ.

ಗೇಟಿನ ಹತ್ತಿರ ಮೈದುನ ಉಗುರು ಕಚ್ಚುತ್ತಾ ನಿಂತಿದ್ದ. ನನ್ನನ್ನು ಕಾರಿನಿಂದ ಎಳೆದು ತೆಗೆಯಲು ಇಬ್ಬರೂ ಬೇಕಾಯಿತು.

"ಹೇಗಿತ್ತು ಅತ್ತಿಗೆ? ಕೇಳಿಸ್ತಾ?"

"ಏನೂ ಕೇಳಿಸಲಿಲ್ಲ ಕಣೋ," ಎಂದೆ. "ಮೂರು ಸಲ ಹೋದೆ. ಏನಂದ್ರೆ ಏನೂ ಇಲ್ಲ, ಆ ಹಳೇ ಕರಕರ ಕೂಡ."

ಅವನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತು, ಗ್ರೀಸಿನ ಕೈಯಲ್ಲೇ ಮುಖ ಮುಚ್ಚಿಕೊಂಡ.