ಶಾಂತಿಗಾಗಿ ಜಗಳವಾಡುವ ನಮ್ಮ ಮಾವ

ನಮ್ಮ ಸೋದರಮಾವನಂಥ ಜಗಳಗಂಟ ಶಾಂತಿಪ್ರಿಯರು ರಾಜಾಜಿನಗರದಿಂದ ಕೆಂಗೇರಿಯವರೆಗೆ ಹುಡುಕಿದರೂ ಸಿಗುವುದಿಲ್ಲ. ಲೋಕದಲ್ಲಿ ಯಾರೂ ಯಾರೊಂದಿಗೂ ಹೊಡೆದಾಡಬಾರದು ಎಂಬ ಒಂದೇ ವಿಷಯಕ್ಕೆ ಅವರು ಹಾಲಿನವನ ಜೊತೆ, ಮೇಲ್ಮನೆಯ ಬಾಡಿಗೆದಾರರ ಜೊತೆ, ಒಂದಿಬ್ಬರು ಪಾದ್ರಿಗಳ ಜೊತೆ ಮಾತು ಬಿಟ್ಟಿದ್ದಾರೆ. ನನ್ನ ಅಪ್ಪನ ಜೊತೆ ಎರಡು ಸಲ ಮಾತು ಬಿಟ್ಟಿದ್ದಾರೆ. ಎರಡನೆಯ ಸಲ ಬಿಟ್ಟಾಗ ಮೊದಲನೆಯದೇ ಇನ್ನೂ ಮುಗಿದಿರಲಿಲ್ಲ!

ನಮ್ಮದು ಕನ್ನಡ ಕ್ರೈಸ್ತರ ಮನೆತನ. ಮಾವನ ಮನೆ ಮೂಡಲಪಾಳ್ಯದಲ್ಲಿ, ಕಾಂಪೌಂಡಿಗೆ ಒಂದು ನುಗ್ಗೆಮರ ಒರಗಿಕೊಂಡಿರುವ ಹಳೆಯ ಮನೆ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ ಮಾವನಿಗೆ ಎರಡೇ ಉದ್ಯೋಗ. ಒಂದು ಗಿಡಗಳಿಗೆ ನೀರು ಹಾಕುವುದು, ಇನ್ನೊಂದು ಯುದ್ಧಗಳನ್ನು ನಿಲ್ಲಿಸುವುದು. ಮೊದಲನೆಯದರಲ್ಲಿ ಸಾಕಷ್ಟು ಯಶಸ್ಸು ಕಂಡಿದ್ದಾರೆ.

"ಕರ್ತರು ಶತ್ರುವನ್ನ ಪ್ರೀತಿಸು ಅಂದಿದ್ದಾರೆ. ಪ್ರೀತಿಸೋದು ಅಂದ್ರೆ ಬಾಂಬ್ ಹಾಕೋದಲ್ಲ. ಇದ್ರಲ್ಲಿ ಅರ್ಥ ಆಗದೇ ಇರೋದು ಏನಿದೆಯಪ್ಪ?" ಇದು ಮಾವನ ವಾದ. ಇಷ್ಟೇ ವಾದ. ಇದನ್ನು ಅವರು ಮುಂಜಾನೆಯಿಂದ ಸಂಜೆಯವರೆಗೆ ಬೇರೆಬೇರೆ ಎತ್ತರದ ದನಿಯಲ್ಲಿ ಹೇಳಬಲ್ಲರು. ಒಮ್ಮೆ ನಮ್ಮ ಚರ್ಚಿನ ಸಭೆಯ ಪಾದ್ರಿ ಅಯ್ಯನವರು ಮೆಲ್ಲಗೆ, "ಅದು ಒಬ್ಬೊಬ್ಬ ಮನುಷ್ಯನಿಗೆ ಹೇಳಿದ ಮಾತು, ದೇಶಕ್ಕೆ ಹೇಳಿದ್ದಲ್ಲ" ಎಂದು ಹೇಳಿ ನೋಡಿದರು. ಮಾವ ಬಿಡುತ್ತಾರೆಯೇ? "ದೇಶ ದೀಕ್ಷಾಸ್ನಾನ ತಗೊಂಡಿಲ್ಲ, ಒಪ್ಪಿದೆ ಅಯ್ಯನವರೇ. ಆದ್ರೆ ನಮ್ಮ ಸಭೆಯಿಂದ ಬಂದೂಕು ಹಿಡಿಯೋಕೆ ಹೋದ ಹುಡುಗ ತಗೊಂಡಿದಾನಲ್ಲ? ಸಮವಸ್ತ್ರ ಹಾಕ್ಕೊಂಡ ತಕ್ಷಣ ಆ ನೀರು ಒಣಗಿಹೋಗುತ್ತಾ?" ಅಯ್ಯನವರು ಗಡಿಯಾರ ನೋಡಿಕೊಂಡು ಎದ್ದರು. ಪಾಪ, ಅವರಿಗೆ ಇನ್ನೊಂದು ಮನೆಗೆ ಹೋಗುವುದಿತ್ತು. ಇಲ್ಲದಿದ್ದರೂ ಇತ್ತು.

ಪಕ್ಕದ ಮನೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಅವರಿಗೆ ಚದುರಂಗದ ಹುಚ್ಚು, ಜೊತೆಗೆ ಆಡಲು ಬೇರೆ ಯಾರೂ ಇಲ್ಲದ ದುರದೃಷ್ಟ. ಮಾವ ಆಡಲು ಒಪ್ಪಿದರು, ಆದರೆ ನಿಯಮಗಳಿಗೆ ಸ್ವಲ್ಪ ತಿದ್ದುಪಡಿ ತಂದರು. ಹೊಡೆಸಿಕೊಂಡ ಕಾಯಿ ಸಾಯುವಂತಿಲ್ಲ, ಅದು ಗಾಯಾಳು. ಹಲಗೆಯ ಪಕ್ಕ ಒಂದು ತಟ್ಟೆಯಿಟ್ಟು ಅದಕ್ಕೆ ಆಸ್ಪತ್ರೆ ಎಂದು ಹೆಸರಿಟ್ಟರು. ನಾಲ್ಕಾರು ನಡೆ ಅಲ್ಲಿ ವಿಶ್ರಾಂತಿ ಪಡೆದ ಕಾಯಿ ಗುಣವಾಗಿ ತನ್ನ ಮನೆಗೆ ವಾಪಸ್ಸು. ಆ ಆಟ ಮುಗಿಯುವುದಾದರೂ ಹೇಗೆ? ಶ್ರಾವಣದಲ್ಲಿ ಶುರುವಾದದ್ದು ಕ್ರಿಸ್‌ಮಸ್ ಕೇಕ್ ಕತ್ತರಿಸುವಾಗಲೂ ನಡೆಯುತ್ತಿತ್ತು. ಕೊನೆಗೆ ಮೇಷ್ಟ್ರು, "ಸಾರ್, ನಾನು ಸೋತೆ ಅಂತ ಒಪ್ಕೋತೀನಿ, ಬಿಟ್ಬಿಡಿ" ಎಂದು ಕೈಮುಗಿದರು. ಮಾವ ಅದಕ್ಕೂ ಒಪ್ಪಲಿಲ್ಲ. "ಸೋಲು ಗೆಲುವು ಅಂತ ಬಂದ್ರೆ ಮತ್ತೆ ಯುದ್ಧ ಆಯ್ತಲ್ಲ ಮೇಷ್ಟ್ರೇ, ಕೂತ್ಕೊಳಿ."

ಇಂಥ ಮಾವ ಸೊಳ್ಳೆಗಳನ್ನು ಕೊಲ್ಲುವುದನ್ನು ನೀವು ನೋಡಬೇಕು! ಸಂಜೆಯಾದರೆ ಕರೆಂಟಿನ ಬ್ಯಾಟು ಹಿಡಿದು ಹಿತ್ತಲಿಗೆ ಇಳಿಯುತ್ತಾರೆ. ಚಟ್ ಚಟ್ ಎಂದಾಗಲೆಲ್ಲ ಮುಖದಲ್ಲಿ ಒಂದು ಕಾಂತಿ. ನಾನು ಕೇಳಿಯೇ ಬಿಟ್ಟೆ: "ಮಾವ, ಇದು ಯುದ್ಧ ಅಲ್ವಾ?" ಅವರು ಬ್ಯಾಟು ಬೀಸುತ್ತಲೇ ಹೇಳಿದರು: "ಅಲ್ಲ ಕಣೋ. ಇದು ಕಾನೂನು ಸುವ್ಯವಸ್ಥೆ."

ಸಭೆಯ ಗಾಯಕವೃಂದದಲ್ಲಿ ಮಾವನದೇ ಅತಿ ದಪ್ಪ ದನಿ. ನಮ್ಮ ಕೀರ್ತನೆಗಳಲ್ಲಿ ಕತ್ತಿ, ಗುರಾಣಿ, ಸೈನ್ಯ, ಕೋಟೆ ಧಾರಾಳವಾಗಿ ಬರುತ್ತವೆ. ಅಂಥ ಪದ ಬಂದ ಕೂಡಲೇ ಮಾವ ಬಾಯಿ ಮುಚ್ಚಿ ಹೂಂ ಹೂಂ ಎಂದು ರಾಗ ಮಾತ್ರ ಎಳೆಯುತ್ತಾರೆ. ದನಿ ಅಷ್ಟು ದಪ್ಪವಾದ್ದರಿಂದ ಹೊಸಬರಿಗೆ ಮೈಕ್ ಕೆಟ್ಟಿದೆಯೇನೋ ಎನಿಸುತ್ತದೆ. ಒಂದು ಭಾನುವಾರ ಹೊಸ ಮೈಕಿನವನು ಇಡೀ ಕೀರ್ತನೆ ಮುಗಿಯುವವರೆಗೆ ಕುರ್ಚಿಗಳ ಕೆಳಗೆ ತೆವಳುತ್ತಾ ವೈರು ಹುಡುಕಿದ.

ಇದೆಲ್ಲ ತಮಾಷೆಯಾಗಿಯೇ ಇತ್ತು, ಗಡಿಯಲ್ಲಿ ಗುಂಡಿನ ಸದ್ದು ಶುರುವಾಗುವವರೆಗೆ. ಟಿವಿಯಲ್ಲಿ ಹಗಲೂ ಇರುಳೂ ವಿಮಾನಗಳು ಹಾರಾಡುತ್ತಿದ್ದ ಆ ವಾರ, ದೇಶಕ್ಕಾಗಿ ಪ್ರಾರ್ಥಿಸುವ ಸರದಿ ಮಾವನಿಗೇ ಬರಬೇಕೇ? ನಮ್ಮಲ್ಲಿ ಪ್ರತಿ ಭಾನುವಾರ ಸಭೆಯವರೊಬ್ಬರು ಎದ್ದು ನಿಂತು ಎಲ್ಲರ ಪರವಾಗಿ ಆ ಪ್ರಾರ್ಥನೆ ಮಾಡುವುದು ರೂಢಿ. ಮಾವ ನಮ್ಮ ಸೈನಿಕರಿಗಾಗಿ ಪ್ರಾರ್ಥಿಸಿದರು. ಎಲ್ಲರೂ ತಲೆದೂಗಿದರು. ಆಮೇಲೆ ಆ ಕಡೆಯ ಸೈನಿಕರಿಗಾಗಿ ಪ್ರಾರ್ಥಿಸಿದರು. ಅವರ ತಾಯಂದಿರಿಗಾಗಿ, ಅವರ ಕೆಮ್ಮು ನೆಗಡಿಗಾಗಿ, ಅವರಿಗೆ ಬಿಸಿ ಊಟ ಸಿಗಲೆಂದು ಪ್ರಾರ್ಥಿಸಿದರು. ಮುಗಿದಾಗ ಯಾರ ಬಾಯಿಂದಲೂ ಆಮೆನ್ ಹೊರಡಲಿಲ್ಲ. ಮಾವ ಕಣ್ಣುಮುಚ್ಚಿ ಕಾಯುತ್ತಾ ನಿಂತೇ ಇದ್ದರು. ಕಡೆಗೆ ಹೆಂಗಸರ ಸಾಲಿನಿಂದ ಅತ್ತೆಯ ದನಿಯೊಂದು ಬಂತು: "ಆಮೆನ್."

"ನೀವೂ ಮಾವನ ಪಕ್ಷನಾ ಅತ್ತೆ?" ಎಂದು ಆಮೇಲೆ ಕೇಳಿದೆ.

"ಪಕ್ಷನೂ ಇಲ್ಲ ಏನೂ ಇಲ್ಲ. ಆಮೆನ್ ಅನ್ನದೇ ಇದ್ರೆ ಆ ಮನುಷ್ಯ ಕೂತ್ಕೊಳ್ಳಲ್ಲ. ನಾನು ಕುಕ್ಕರ್ ಇಡೋದು ಯಾವಾಗ?"

ಹೊರಗೆ ಚಹಾ ಕುಡಿಯುವಲ್ಲಿ ನಿವೃತ್ತ ಹವಾಲ್ದಾರರು ಮಾವನನ್ನು ತಡೆದರು. ಸಭೆಯ ಹಿರಿಯರು ಅವರು. ಗಡಿಯಲ್ಲಿ ಶೆಲ್ ಸಿಡಿದು ಒಂದು ಕಿವಿ ಕೇಳಿಸುವುದಿಲ್ಲ. "ನನ್ನ ಪಕ್ಕದಲ್ಲಿದ್ದ ಹುಡುಗ ಹೋಗ್ಬಿಟ್ಟ ಸಾರ್. ಅವನನ್ನ ಕೊಂದೋನಿಗೆ ನಾನು ಬಿಸಿ ಊಟ ಬೇಡ್ಕೋಬೇಕಾ?"

ಮಾವ ಲೋಟ ಕೆಳಗಿಟ್ಟರು. "ಹೂಂ. ಕಷ್ಟ ಅಂತ ಗೊತ್ತು. ಸುಲಭ ಆಗಿದ್ರೆ ಕರ್ತರು ಹೇಳೋ ಅಗತ್ಯಾನೇ ಇರಲಿಲ್ಲ."

"ನಿಮ್ಮನೆಯವರು ಯಾರಾದ್ರೂ ಅಲ್ಲಿ ನಿಂತಿದ್ರೆ ಗೊತ್ತಾಗ್ತಿತ್ತು" ಎಂದು ಹವಾಲ್ದಾರರು ಹೊರಟುಹೋದರು. ಹಾಲಿನವ, ಬಾಡಿಗೆದಾರರು, ಪಾದ್ರಿಗಳು, ನನ್ನ ಅಪ್ಪ, ಈಗ ಹವಾಲ್ದಾರರು. ಮಾವನ ಜೊತೆ ಮಾತಾಡುವವರು ಇನ್ನು ಮೇಷ್ಟ್ರು ಮಾತ್ರ. ಅವರೂ ಚದುರಂಗದ ಹಲಗೆ ಕಂಡರೆ ಗೇಟು ಹಾಕಿಕೊಳ್ಳುತ್ತಿದ್ದರು.

ನಮ್ಮ ಮಾವನಿಗೆ ಒಬ್ಬಳೇ ಮಗಳು, ಸ್ಟೆಲ್ಲಾ. ಹಟದಲ್ಲಿ ಅಪ್ಪನನ್ನು ಮೀರಿಸಿದವಳು. ಡಿಗ್ರಿ ಮುಗಿಸಿ ಯಾವಯಾವುದೋ ಪರೀಕ್ಷೆ ಬರೆಯುತ್ತಿದ್ದಳು. ಬ್ಯಾಂಕಿನದಿರಬೇಕು ಎಂದು ನಾವು ತಿಳಿದಿದ್ದೆವು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ಸಾರು ಬಡಿಸಿಕೊಳ್ಳುತ್ತಾ, ತಾನು ಸೈನ್ಯಕ್ಕೆ ಅಧಿಕಾರಿಯಾಗಿ ಆಯ್ಕೆಯಾಗಿದ್ದೇನೆ, ಮುಂದಿನ ತಿಂಗಳು ತರಬೇತಿಗೆ ಚೆನ್ನೈಗೆ ಹೋಗಬೇಕು ಎಂದಳು. ಅತ್ತೆ ಸೌಟು ಹಿಡಿದೇ ಕೂತುಬಿಟ್ಟರು. ನಾನು ಆ ದಿನ ಊಟಕ್ಕೆ ಯಾಕಾದರೂ ಬಂದೆನೋ ಎಂದುಕೊಂಡೆ.

"ನನ್ನ ಮಗಳಾಗಿ ಬಂದೂಕು ಹಿಡೀತೀಯಾ?" ಎಂದರು ಮಾವ.

"ನೀವು ಹೇಳೋದು ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲಪ್ಪ. ಆದ್ರೆ ಅಲ್ಲಿ ಯಾರಾದ್ರೂ ನಿಂತ್ಕೋಬೇಕಲ್ಲ? ಬೇರೆಯವರ ಮಕ್ಕಳು ನಿಂತ್ಕೊಂಡು, ನಾವು ಇಲ್ಲಿ ಕೈ ತೊಳ್ಕೊಂಡು ಪ್ರಾರ್ಥನೆ ಮಾಡೋದು ಸರೀನಾ?"

ಮಾವ ಕೈತೊಳೆದು, ಮಟಮಟ ಮಧ್ಯಾಹ್ನದಲ್ಲಿ ಸೊಳ್ಳೆ ಬ್ಯಾಟು ಹಿಡಿದು ಹಿತ್ತಲಿಗೆ ಹೋದರು. ಅಲ್ಲಿ ಒಂದು ಸೊಳ್ಳೆಯೂ ಇರಲಿಲ್ಲ. ಆದರೂ ಸುಮಾರು ಹೊತ್ತು ಬ್ಯಾಟು ಬೀಸುತ್ತಲೇ ಇದ್ದರು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಯಾರಾದರೂ ದೂರ ಹೊರಟರೆ, ಹೊಸದೇನಾದರೂ ಶುರುಮಾಡಿದರೆ, ಮನೆಯ ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಬೇಕು. ಅದಿಲ್ಲದೆ ಯಾರೂ ಹೊಸ್ತಿಲು ದಾಟುವುದಿಲ್ಲ. ನಾನು ಡ್ರೈವಿಂಗ್ ಲೈಸೆನ್ಸಿಗೆ ಹೊರಟಾಗ ಮಾವ ಮಾಡಿದ ಪ್ರಾರ್ಥನೆ ಎಷ್ಟು ವಿಸ್ತಾರವಾಗಿತ್ತೆಂದರೆ, ನಾನು ಹೋಗಿ ಮುಟ್ಟುವಷ್ಟರಲ್ಲಿ ಆ ದಿನದ ಪರೀಕ್ಷೆಯೇ ಮುಗಿದಿತ್ತು. ಅತ್ತೆಯ ಹೊಸ ಮಿಕ್ಸಿಯ ಮೇಲೂ ಅವರು ಕೈಯಿಟ್ಟಿದ್ದಾರೆ.

ಆ ಮಾವ ಈಗ ಹೇಳಿಬಿಟ್ಟರು: "ನಾನು ಕೈ ಇಡಲ್ಲ. ಇಟ್ರೆ ಬಂದೂಕಿಗೆ ಆಶೀರ್ವಾದ ಮಾಡಿದ ಹಾಗೆ." ಸ್ಟೆಲ್ಲಾ ಅಷ್ಟೇ ಸಮಾಧಾನವಾಗಿ ಹೇಳಿದಳು: "ಅಪ್ಪ ಕೈ ಇಡದೇ ನಾನು ಹೋಗಲ್ಲ. ಅಲ್ಲಿ ಹೋಗಿ ಹಾಜರಾಗೋ ದಿನ ತಪ್ಪಿದ್ರೆ ಸೀಟು ಹೋಗುತ್ತೆ. ಹೋಗ್ಲಿ ಬಿಡಿ." ಮಧ್ಯೆ ಸಿಕ್ಕಿಹಾಕಿಕೊಂಡ ಅತ್ತೆ, ಕೋಡುಬಳೆ ಕರಿಯುವುದೋ ಬೇಡವೋ ತಿಳಿಯದೆ, ಹಿಟ್ಟು ಕಲಸಿ ಕಲಸಿ ಫ್ರಿಜ್ಜಿನಲ್ಲಿಡುತ್ತಿದ್ದರು.

ಹೊರಡುವ ಬೆಳಗ್ಗೆ ನಾನು ಟ್ರಂಕು ಹೊರಲು ಹೋದೆ. ಅಯ್ಯನವರು ಬಂದಿದ್ದರು. ಅಚ್ಚರಿಯೆಂದರೆ ಹವಾಲ್ದಾರರೂ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ನಡುಮನೆಯಲ್ಲಿ ಸ್ಟೆಲ್ಲಾ ತಲೆಗೆ ದುಪಟ್ಟಾ ಹೊದ್ದು ಮಂಡಿಯೂರಿ ಕೂತಿದ್ದಳು. ಮಾವ ಮಾತ್ರ ತಾರಸಿಯ ಮೇಲೆ. ನೀರು ಕುಡಿದೂ ಕುಡಿದೂ ಸಾಕಾದ ಗಿಡಗಳಿಗೆ ಮತ್ತೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಆಂಟಿ, ಲೇಟಾದ್ರೆ ಮಾಗಡಿ ರೋಡ್ ಜಾಮ್ ಆಗುತ್ತೆ" ಎಂದ ಟ್ಯಾಕ್ಸಿಯವನು.

"ಏನ್ ಮಾಡ್ಲಪ್ಪ" ಎಂದರು ಅತ್ತೆ. "ಪ್ರಾರ್ಥನೆ ನಿಲ್ಲಿಸಿ ಅಂದ್ರೆ ನಿಲ್ಲಿಸಲ್ಲ, ಮಾಡಿ ಅಂದ್ರೆ ಮಾಡಲ್ಲ. ಇಂಥ ಗಂಡ ನಂದು."

"ಅಯ್ಯನವರು ಮಾಡ್ತಾರೆ" ಎಂದು ಮೇಲಿನಿಂದ ಮಾವನ ದನಿ ಬಂತು.

ಸ್ಟೆಲ್ಲಾ ತಲೆ ಎತ್ತದೆ ಕೂಗಿದಳು: "ಮಿಕ್ಸಿಗೆ ಮಾಡಿದ್ರಿ. ನನಗೆ ಮಾಡಲ್ವಾ?"

ನೀರಿನ ಸದ್ದು ನಿಂತಿತು. ಮಾವ ಇಳಿದು ಬಂದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಆಮೇಲೆ ಮಗಳ ತಲೆಯ ಮೇಲೆ ಇಟ್ಟರು.

"ಕರ್ತನೇ, ಇವಳ ಮೇಲೆ ಯಾರೂ ಗುಂಡು ಹಾರಿಸದ ಹಾಗೆ ನೋಡ್ಕೋ. ಹಾರಿಸಿದ್ರೆ ತಾಗದ ಹಾಗೆ ನೋಡ್ಕೋ. ಇವಳು ಹಾರಿಸಿದ್ದೂ ಯಾರಿಗೂ ತಾಗದ ಹಾಗೆ ನೋಡ್ಕೋ."

"ಅಪ್ಪ, ಹಾಗಾದ್ರೆ ನಾನು ಟ್ರೈನಿಂಗಲ್ಲೇ ಫೇಲ್ ಆಗ್ತೀನಿ" ಎಂದು ದುಪಟ್ಟಾದ ಒಳಗಿನಿಂದ ಸ್ಟೆಲ್ಲಾ ಪಿಸುಗುಟ್ಟಿದಳು.

"ಪ್ರಾರ್ಥನೆ ಮಧ್ಯ ಮಾತಾಡ್ಬೇಡ" ಎಂದು ಗದರಿಸಿ ಮಾವ ಮುಂದುವರಿಸಿದರು. ಮೂಲೆಯಲ್ಲಿ ಹವಾಲ್ದಾರರು ನಗು ತಡೆಯಲು ಮೀಸೆ ಒತ್ತಿಕೊಂಡರು. ನಾನೂ ನಕ್ಕೆ. "ಆ ಕಡೆ ನಿಂತಿರೋ ಹುಡುಗ ಅವನ ಮನೆಗೆ ಹೋಗ್ಲಿ. ಇವಳು ನಮ್ಮನೆಗೆ ಬರ್ಲಿ. ಇಬ್ರೂ ಬರ್ಲಿ ಕರ್ತನೇ. ಇಬ್ರೂ ಬರೋದು ಆಗಲ್ಲ ಅಂದ್ರೆ..."

ಅಲ್ಲಿಗೆ ನಿಂತರು. ಮಾತು ಮರೆತಿರಬೇಕು ಎಂದುಕೊಂಡು ಕಣ್ಣು ತೆರೆದು ನೋಡಿದೆ. ಮರೆತಿರಲಿಲ್ಲ. ಮಾವನ ಗಲ್ಲ ನಡುಗುತ್ತಿತ್ತು.

"ಇವಳನ್ನ ಕಳಿಸ್ಕೊಡು" ಎಂದರು, ನಮಗೆ ಕೇಳಿಯೂ ಕೇಳಿಸದಷ್ಟು ಮೆಲ್ಲಗೆ. "ನನ್ನನ್ನ ಕ್ಷಮಿಸು."

ಟ್ಯಾಕ್ಸಿಯವನು ಮತ್ತೆ ಬಂದು ಬಾಗಿಲಲ್ಲಿ ನಿಂತ. ಮಾವ ಮಗಳ ತಲೆಯ ಮೇಲಿಂದ ಕೈ ತೆಗೆಯಲಿಲ್ಲ.